ಬೋಗಿಯ ಬೆನ್ನಿನ ಕೆಂಪು

೪ ಏಪ್ರಿಲ್ ೧೯೭೪, ಕಡೂರು

ಕೋರ್ಟಿನಿಂದ ಬರುವಾಗ ಸ್ಟೇಷನ್ನಿಗೆ ಹೋಗಿ ಕಣ್ಣಾರೆ ನೋಡಿ ಬಂದೆ. ಪತ್ರಿಕೆಯಲ್ಲಿ ಬಂದದ್ದು ನಿಜ. ಮೂರನೇ ದರ್ಜೆ ಎಂಬುದು ಇನ್ನಿಲ್ಲ. ಬೋಗಿಯ ಮೇಲೆ ದರ್ಜೆ ತೋರಿಸುತ್ತಿದ್ದ ಮೂರು ಗೀಟುಗಳಲ್ಲಿ ಒಂದರ ಮೇಲೆ ಬಣ್ಣ ಬಳಿದಿದ್ದಾರೆ. ಒಳಗೆ ಅದೇ ಮರದ ಹಲಗೆ, ಬಾಗಿಲಲ್ಲಿ ಅದೇ ನೇತಾಡುವ ಜನ. ಒಂದು ಗೀಟು ಅಳಿಸಿ ದೇಶದ ಬಡವರನ್ನೆಲ್ಲ ಒಂದು ಮೆಟ್ಟಿಲು ಮೇಲೆ ಹತ್ತಿಸಿಬಿಟ್ಟರು! ವಾಚಕರ ವಿಭಾಗಕ್ಕೆ ಬರೆಯಬೇಕು. ಕಡೂರು ಜಿಲ್ಲೆ ಎಂಬ ಹೆಸರನ್ನು ತೆಗೆದು ಚಿಕ್ಕಮಗಳೂರು ಮಾಡಿದಾಗಲೂ ಬರೆದಿದ್ದೆ, ಯಾರೂ ಉತ್ತರಿಸಲಿಲ್ಲ. ಅವರು ಮರೆತಿರಬಹುದು. ನಾನು ಯಾವುದನ್ನೂ ಮರೆಯುವವನಲ್ಲ.

ಮನೆಗೆ ಬಂದು, ಕೋಪ ಇಳಿಯಲೆಂದು ಗಾಜಿನ ಬೀರು ತೆಗೆದೆ. ಆಟದ ರೈಲಿನ ನನ್ನ ಬೋಗಿಗಳು. ಇಷ್ಟು ವರ್ಷವಾದರೂ ಆ ಬಾಗಿಲು ತೆರೆದ ಕೂಡಲೇ ಉಸಿರು ಒಂದು ಕ್ಷಣ ನಿಲ್ಲುತ್ತದೆ. ನನಗೆ ಎಂಜಿನ್ನು ಬೇಕಿಲ್ಲ, ಗೂಡ್ಸಿನ ಡಬ್ಬಿಯೂ ಬೇಡ. ಜನ ಕೂರುವ ಬೋಗಿ ಮಾತ್ರ. ಮೊದಲನೆಯದನ್ನು ನಾನು ಎಂಟು ವರ್ಷದವನಿದ್ದಾಗ ಅಪ್ಪ ಬೆಂಗಳೂರಿನ ದಂಡಿನಿಂದ ತಂದುಕೊಟ್ಟಿದ್ದರು. ಎಲ್ಲವೂ ಜರ್ಮನಿಯ ಒಂದೇ ಕಾರ್ಖಾನೆಯ ತಗಡು, ಒಂದೇ ಅಚ್ಚು, ಒಂದೇ ತೇಗದ ಬಣ್ಣ. ಆದರೆ ಒಂದರ ಹಾಗೆ ಇನ್ನೊಂದಿಲ್ಲ! ಒಂದರ ಚಾವಣಿ ಬೂದುಬಣ್ಣ, ಇನ್ನೊಂದರದು ಬಿಳಿ. ಒಂದರ ಬಾಗಿಲು ನಿಜವಾಗಿ ತೆರೆಯುತ್ತದೆ, ಇನ್ನೊಂದರಲ್ಲಿ ಬಾಗಿಲು ಬರೀ ಚಿತ್ರ. ಒಂದೇ ಸಂಖ್ಯೆಯ ಎರಡು ಬೋಗಿಗಳಿವೆ; ಒಂದರ ನಾಲ್ಕನೆಯ ಕಿಟಕಿಯಲ್ಲಿ ಟೊಪ್ಪಿಗೆಯ ಹೆಂಗಸು ಹೊರಗೆ ನೋಡುತ್ತಿದ್ದಾಳೆ, ಇನ್ನೊಂದರಲ್ಲಿ ಅದೇ ಕಿಟಕಿಗೆ ಪರದೆ ಎಳೆದಿದೆ. ಯಾರು ಎಳೆದರು? ಬಣ್ಣದ ಕೆಲಸದ ಯಾವನೋ ಒಬ್ಬ, ಒಂದು ಮಧ್ಯಾಹ್ನ, ಆಕೆಗೆ ಬಿಸಿಲು ಬಡಿಯುತ್ತದೆಂದು ಎಳೆದನೇ? ಅಂಗೈಯಗಲದ ತಗಡಿನಲ್ಲಿ ಎಷ್ಟೊಂದು ಲೋಕ!

ಬೀರುವಿನ ಕೀಲಿ ನನ್ನ ಕೋಟಿನ ಜೇಬಿನಲ್ಲಿರುತ್ತದೆ. ಪರವೂರಿಗೆ ಹೋದಾಗ ಮಾತ್ರ ಮೇಜಿನ ಡ್ರಾಯರಿನಲ್ಲಿ. ನನ್ನ ಕೈ ಬಿಟ್ಟರೆ ಇನ್ನೊಬ್ಬರ ಕೈ ಇವುಗಳನ್ನು ಮುಟ್ಟಿಲ್ಲ.

ದಾಕ್ಷಾಯಣಿ ಬಾಗಿಲಲ್ಲಿ ನಿಂತು, "ರೊಟ್ಟಿ ಆರೋಗ್ತೈತೆ. ಆ ಕಿಟಕಿ ದೊರೆಸಾನೀನ ಒಂದ್ಮಾತು ಕೇಳ್ಕಂಡು ಊಟಕ್ಕೆ ಬನ್ನಿ" ಎಂದಳು. ಇಂಥ ಮಾತಿಗೆ ನಾನು ಉತ್ತರ ಕೊಡುವುದಿಲ್ಲ.

೨೧ ಏಪ್ರಿಲ್

ಇವತ್ತು ಒಂದು ಹೊಸ ಸಂಗತಿ ಕಂಡುಹಿಡಿದೆ.

ತರೀಕೆರೆಯ ಗಡಿಯಾರ ರಿಪೇರಿಯ ಮುನೀರ್ ಪಾಷಾ ನನಗಾಗಿ ಒಂದು ದೊಡ್ಡ ಭೂತಗನ್ನಡಿ ತರಿಸಿಕೊಟ್ಟಿದ್ದ. ಇವತ್ತು ಬೋಗಿಗಳನ್ನು ಒಂದೊಂದಾಗಿ ಅದರ ಕೆಳಗೆ ಇಟ್ಟು ನೋಡಿದೆ. ಯಾವಾಗಲೂ ಪಕ್ಕವನ್ನೇ ನೋಡುವವನು, ಇವತ್ತು ಏನೋ ಮನಸ್ಸಾಗಿ ಬೆನ್ನಿನ ತಗಡನ್ನು ನೋಡಿದೆ. ಕೊಂಡಿಯ ಮೇಲೆ, ನಟ್ಟನಡುವೆ, ಹುಣಸೆಬೀಜದಷ್ಟು ಅಗಲದ ಮಂದ ಕೆಂಪು! ತೇಗದ ಬಣ್ಣದಲ್ಲಿ ಬೆರೆತುಹೋಗಿ ಬರಿಗಣ್ಣಿಗೆ ಕಾಣುವುದೇ ಇಲ್ಲ. ಇನ್ನೊಂದು ತೆಗೆದೆ, ಅದರಲ್ಲೂ ಇದೆ. ಮತ್ತೊಂದು, ಅದರಲ್ಲೂ.

ಅಪ್ಪ ತಂದುಕೊಟ್ಟ ಬೋಗಿಯಲ್ಲಿ ಅದು ಬಹಳ ಗಾಢ. ವಕೀಲಿ ಹಿಡಿದ ಹೊಸತರಲ್ಲಿ ಸಂಗ್ರಹಿಸಿದವುಗಳಲ್ಲಿ ಸ್ಪಷ್ಟ. ಈಚಿನವುಗಳಲ್ಲಿ ತೆಳು. ಹೋದ ದಸರೆಯಲ್ಲಿ ಮೈಸೂರಿನಿಂದ ತಂದದ್ದರಲ್ಲಿ ಇಲ್ಲವೇ ಇಲ್ಲ. ಅರ್ಥ ಸ್ಪಷ್ಟವಾಗಿದೆ. ರೈಲಿನ ಕೊನೆಯ ಬೋಗಿಯ ಬೆನ್ನಿಗೆ ಕೆಂಪು ದೀಪ ಇರುತ್ತದಲ್ಲ, ಕಾರ್ಖಾನೆಯವರು ಮೊದಮೊದಲು ಅದನ್ನು ಬಣ್ಣದಲ್ಲಿ ಇಟ್ಟಿದ್ದಾರೆ. ಬರಬರುತ್ತಾ ಬಣ್ಣ ಉಳಿಸಲು ತೆಳುಮಾಡಿ, ಕೊನೆಗೆ ಬಿಟ್ಟೇಬಿಟ್ಟಿದ್ದಾರೆ. ಹಳೆಯ ತಂಡದ ಬೋಗಿಗಳೇ ಮೊದಲು ನನ್ನ ಕೈಸೇರಿವೆ. ಇದುವರೆಗೆ ಯಾರೂ ದಾಖಲಿಸದ ಭೇದ! ಮುಂಬಯಿಯ ಸಂಗ್ರಾಹಕರ ಸಂಘಕ್ಕೆ ಇವತ್ತೇ ಬರೆಯುತ್ತೇನೆ.

ಒಬ್ಬನೇ ತಡೆದುಕೊಳ್ಳಲಾರದೆ ದಾಕ್ಷಾಯಣಿಯನ್ನು ಕರೆದು ತೋರಿಸಿದೆ. ಕನ್ನಡಿಯಲ್ಲಿ ಬಗ್ಗಿ ನೋಡಿದಳು. ತುಂಬ ಹೊತ್ತು ತಲೆ ಎತ್ತಲೇ ಇಲ್ಲ.

"ನಾನೊಂದು ಹೇಳ್ಲಾ?" ಎಂದಳು.

"ಇದರಲ್ಲಿ ನಿನಗೇನು ಗೊತ್ತು? ಸುಮ್ಮನಿರು."

"ಆಯ್ತು ಬಿಡಿ. ಇನ್ನೊಂದಿನ ಹೇಳ್ತೀನಿ" ಎಂದು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಗುತ್ತಿದ್ದಳೆಂದು ತೋರುತ್ತದೆ.

೧೨ ಮೇ

ನಿನ್ನೆ ಬೆಳಿಗ್ಗೆ ದಾಕ್ಷಾಯಣಿ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದವಳು ಬಲಕ್ಕೆ ವಾಲಿಬಿಟ್ಟಳು. ಲಕ್ವ. ಬಲಗೈ ಬಲಗಾಲು ಎರಡಕ್ಕೂ ಸ್ವಾಧೀನವಿಲ್ಲ. ಮಾತಿಲ್ಲ.

ಬೆಂಗಳೂರಿಗೆ ಕರೆದೊಯ್ಯೋಣವೆಂದರೆ ರೈಲು ಮುಷ್ಕರ. ಹಳಿಯ ಮೇಲೆ ಏನೂ ಓಡುತ್ತಿಲ್ಲ. ನನ್ನ ಕಕ್ಷಿದಾರ ಹೊನ್ನಯ್ಯನ ಜೀಪಿನಲ್ಲಿ ಚಿಕ್ಕಮಗಳೂರಿನ ಆಸ್ಪತ್ರೆಗೆ ಕರೆತಂದೆ. ದಾರಿಯುದ್ದಕ್ಕೂ ನನ್ನ ಮುಖವನ್ನೇ ನೋಡುತ್ತಿದ್ದಳು.

೧೫ ಮೇ

ಇವತ್ತೂ ಮಾತಿಲ್ಲ.

೩೦ ಮೇ, ಕಡೂರು

ಮನೆಗೆ ಬಂದೆವು. ಕೈಕಾಲಿಗೆ ದಿನವೂ ಎಣ್ಣೆ ತಿಕ್ಕಿಸಿ, ಕೈಗೆ ಕೆಲಸ ಕೊಡಿ ಎಂದರು ಡಾಕ್ಟರು. ಮಾತು? "ಬಂದರೂ ಬರಬಹುದು, ಬರದೆಯೂ ಇರಬಹುದು. ನೀವು ಮಾತಾಡಿಸುತ್ತಾ ಇರಿ." ಏನು ಮಾತಾಡಿಸುವುದು? ಇಷ್ಟು ವರ್ಷ ಆಡಿದವಳು ಅವಳು. ನಾನು ಓದುತ್ತಾ ಕೂತವನು. ನಮಗೆ ಮಕ್ಕಳಿಲ್ಲ. ಮನೆ ಇಷ್ಟು ಮೌನವಾಗಿರಬಲ್ಲದೆಂದು ತಿಳಿದಿರಲಿಲ್ಲ.

ಮುಷ್ಕರ ಮುಗಿದಿದೆ. ಸಂಜೆ ಬೀರೂರಿನ ಕಡೆಗೆ ಹೋಗುವ ಗಾಡಿ ಕೂಗಿತು. ಅವಳು ತಲೆಯನ್ನು ಕಿಟಕಿಯ ಕಡೆ ತಿರುಗಿಸಿದಳು. ತಾನಾಗಿಯೇ ತಿರುಗಿಸಿದಳು!

೧೬ ಜೂನ್

ಪಂಚನಹಳ್ಳಿಯಿಂದ ಹುಲಿಗೆಮ್ಮ ಬಂದಿದ್ದಾಳೆ. ಎಣ್ಣೆ ತಿಕ್ಕುವುದರಲ್ಲಿ ಹೆಸರಾದವಳಂತೆ. ಬಾಯಿಯೂ ಅಷ್ಟೇ ಜೋರು. ಬಂದ ದಿನವೇ ನನ್ನ ಮೇಲೆ ಅಧಿಕಾರ ಚಲಾಯಿಸಿದಳು.

"ಏನ್ ಲಾಯರಪ್ಪಾರೇ, ಹೆಂಡ್ತಿ ಹಾಸಿಗೆ ಪಕ್ಕ ಕುಂತ್ಕಂಡು ಪೇಪರ್ ಮರೇಲಿ ಮುಖ ಬಚ್ಚಿಟ್ಕಂಡಿದೀರಲ್ಲ. ಆ ಪೇಪರ್‍ನಾದ್ರೂ ಗಟ್ಟಿಯಾಗಿ ಓದ್ರೀ. ಅಕ್ಕಾರ ಕಿವಿ ಚೆನ್ನಾಗೇ ಐತೆ."

ಹಾಗಾಗಿ ಗಟ್ಟಿಯಾಗಿ ಓದುತ್ತಿದ್ದೇನೆ. ಮೂರನೇ ದರ್ಜೆಯ ಬಗ್ಗೆ ನಾನು ಬರೆದ ಪತ್ರ ಕೊನೆಗೂ ಪ್ರಕಟವಾಗಿದೆ, ಅರ್ಧ ಕತ್ತರಿಸಿ. ಅದನ್ನೂ ಓದಿದೆ. ಕತ್ತರಿಸಿದ ಅರ್ಧವನ್ನೂ ನೆನಪಿನಿಂದ ಹೇಳಿದೆ. ದಾಕ್ಷಾಯಣಿ ಕಣ್ಣುಮುಚ್ಚಿಕೊಂಡಳು. ನಿದ್ದೆ ಬಂದಿರಬೇಕು.

ಕೈಗೆ ಕೆಲಸವೆಂದು ಹುಲಿಗೆಮ್ಮ ಮೊರದಲ್ಲಿ ಅಕ್ಕಿ ಹಾಕಿ ಕಲ್ಲು ಆರಿಸಲು ಇಟ್ಟಳು. ಬೆರಳು ಒಂದು ಕಾಳನ್ನೂ ಹಿಡಿಯಲಿಲ್ಲ. ದಾಕ್ಷಾಯಣಿ ಎಡಗೈಯಲ್ಲಿ ಮೊರವನ್ನು ತಳ್ಳಿ ಅತ್ತಳು. ಇವಳು ಅಳುವುದನ್ನು ನಾನು ಅಮ್ಮ ತೀರಿಕೊಂಡ ದಿನ ಬಿಟ್ಟರೆ ನೋಡಿರಲಿಲ್ಲ.

ನಾನು ಎದ್ದುಹೋಗಿ ಬೀರುವಿನಿಂದ ಒಂದು ಬೋಗಿ ತಂದೆ. ಅಪ್ಪ ತಂದದ್ದು; ಅದರ ಗಾಲಿಗಳೇ ಎಲ್ಲಕ್ಕಿಂತ ಹಗುರವಾಗಿ ಉರುಳುತ್ತವೆ. ಹಾಸಿಗೆಯ ಮೇಲೆ ಮಣೆ ಇಟ್ಟು, ಬೋಗಿಯನ್ನು ಅದರ ಮೇಲಿಟ್ಟು, ಅವಳ ಬಲಗೈಯನ್ನು ಎತ್ತಿ ಚಾವಣಿಯ ಮೇಲೆ ಇರಿಸಿದೆ. ಕೈಯ ಭಾರಕ್ಕೇ ಅದು ಸ್ವಲ್ಪ ಮುಂದಕ್ಕೆ ಹೋಯಿತು. ನಾನು ಹಿಂದಕ್ಕೆ ತಂದೆ. ಮತ್ತೆ ಮುಂದಕ್ಕೆ.

"ಭಲೇ, ಗಾಡಿ ಹೊಂಟ್ತು!" ಎಂದಳು ಹುಲಿಗೆಮ್ಮ. "ಅಕ್ಕಾರೇ, ಟಿಕೇಟ್ ತಗಂಡೀರಾ?"

ದಾಕ್ಷಾಯಣಿ ಎಡಗೈಯಿಂದ ಬೋಗಿಯನ್ನು ಎತ್ತಿಕೊಂಡಳು. ಪಕ್ಕದ ಕಿಟಕಿಗಳನ್ನು ನೋಡಲೇ ಇಲ್ಲ. ತಿರುಗಿಸಿ ಬೆನ್ನನ್ನು ನೋಡಿದಳು. ಬಾಯಿಯ ಒಂದೇ ಪಕ್ಕ ನಕ್ಕಿತು. ಏಕೆ ನಕ್ಕಳೋ ತಿಳಿಯದು. ಬೋಗಿಯನ್ನು ಅವಳ ದಿಂಬಿನ ಪಕ್ಕದಲ್ಲೇ ಬಿಟ್ಟು ಬಂದಿದ್ದೇನೆ. ನಾಳೆ ತಂದು ಒಳಗಿಡಬೇಕು.

೭ ಜುಲೈ

ಮುಂಬಯಿಯ ಉತ್ತರ ಬಂತು. ಸಂಘದ ಕಾರ್ಯದರ್ಶಿಯ ಸೌಜನ್ಯವಂತೂ ಅಪಾರ! ಈ ಕಾರ್ಖಾನೆಯ ಬೋಗಿಗಳಲ್ಲಿ ಬೆನ್ನಿಗೆ ಕೆಂಪು ಗುರುತಿರುವ ಭೇದ ಇಲ್ಲಿಯವರೆಗೆ ಎಲ್ಲಿಯೂ ಕಂಡುಬಂದಿಲ್ಲ, ನನ್ನಲ್ಲಿರುವುದು "ಬಹುಶಃ ನಂತರ ಸೇರಿದ ಕಲೆ" ಇರಬೇಕಂತೆ. ಕಲೆಯಂತೆ! ಒಂದೇ ಜಾಗದಲ್ಲಿ, ಒಂದೇ ಅಳತೆಯಲ್ಲಿ, ಬೋಗಿಯಿಂದ ಬೋಗಿಗೆ ಕಲೆ ಬೀಳುತ್ತದೆಯೇ? ಇಂಗ್ಲಿಷಿನಲ್ಲಿ ನಾಲ್ಕು ಪುಟ ಉತ್ತರ ಬರೆದೆ. ಈ ಬೋಗಿಗಳನ್ನು ನನ್ನ ಹೊರತು ಬೇರಾರೂ ಮುಟ್ಟಿಲ್ಲವೆಂದು ಅಡಿಗೆರೆ ಎಳೆದು ತಿಳಿಸಿದೆ.

ದಾಕ್ಷಾಯಣಿಗೆ ಓದಿ ಹೇಳಿದೆ, ಕನ್ನಡದಲ್ಲಿ. ಅವಳ ಬಾಯಿಂದ "ಅ… ಅ…" ಎಂದು ಬಂತು. ಇನ್ನೇನೋ ಇದೆ, ಹೊರಕ್ಕೆ ಬರುತ್ತಿಲ್ಲ. ಹಣೆಯ ಮೇಲೆ ಬೆವರು. ನೀರೇ? ಅಲ್ಲ. ಸೆಖೆಯೇ? ಅಲ್ಲ. ಕೊನೆಗೆ ಸೋತು ಗೋಡೆಯ ಕಡೆ ತಿರುಗಿದಳು. ಏನು ಬೇಕಿತ್ತೋ! ಇಡೀ ದಿನ ಅದೇ ಯೋಚನೆ. ಪತ್ರವನ್ನು ಅಂಚೆಗೆ ಹಾಕುವುದೇ ಮರೆತುಹೋಯಿತು; ನಾಳೆ ಹಾಕಬೇಕು.

೧೮ ಆಗಸ್ಟ್

ಇವತ್ತಿನದನ್ನು ಎಲ್ಲಿಂದ ಶುರುಮಾಡಲಿ?

ಮುನೀರ್ ಪಾಷಾ ಬೀರೂರಿನಲ್ಲಿ ಬಂದು ಗಾಡಿ ಹತ್ತಿದ. ಇಬ್ಬರೂ ಅಜ್ಜಂಪುರಕ್ಕೆ ಹೋದೆವು. ಅಲ್ಲಿ ಅವನ ನೆಂಟರಾದ ಸರ್ವರ್ ಬೇಗಂ ಅವರ ಮನೆ. ತೀರಿಕೊಂಡ ಯಜಮಾನರು ಖಾಸಿಂ ಸಾಬ್ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಬೇಗಂ ಒಳಗಿನಿಂದ ಸೂಜಿ ದಾರ ತುಂಬಿದ ಒಂದು ತಗಡಿನ ಡಬ್ಬಿ ತಂದರು. ಅದರ ಚಾವಣಿ ಇಲ್ಲ.

"ಅವ್ರು ಬೆಂಗ್ಳೂರಿಂದ ತಂದಿದ್ದು ಸಾಬ್. ಮಕ್ಳು ಆಡಿ ಬಿಟ್ರು. ನಾನು ದಾರಕ್ಕೆ ಇಟ್ಕೊಂಡೆ."

ಅದು ಮೂರನೇ ದರ್ಜೆಯ ಬೋಗಿ. ನನ್ನಲ್ಲಿರುವ ಮೂರನೇ ದರ್ಜೆಯ ಬೋಗಿಗಳಲ್ಲೆಲ್ಲ ಕಿಟಕಿಗಳು ಬರೀ ಕಪ್ಪು. ಮುಖ ಬರೆಯುವುದು ಒಂದು, ಎರಡನೇ ದರ್ಜೆಗೆ ಮಾತ್ರ. ಇದರಲ್ಲಿ ಜನ! ಒಂದೊಂದು ಕಿಟಕಿಯಲ್ಲಿ ನಾಲ್ಕು, ಐದು ತಲೆ. ಒಬ್ಬನ ಹೆಗಲ ಮೇಲೆ ಇನ್ನೊಬ್ಬನ ಗಲ್ಲ. ಒಂದು ತಾಯಿಯ ಕಂಕುಳಿಂದ ಮಗು ಹೊರಗೆ ಕೈ ಚಾಚಿದೆ. ಆ ಕೈಗೆ ಐದು ಬೆರಳೂ ಇವೆ. ಸಾಸಿವೆಯಷ್ಟು ಕೈ! ಬೆಳಕಿಗೆ ಹಿಡಿದುಕೊಂಡು ಅಂಗಳದಲ್ಲೇ ನಿಂತುಬಿಟ್ಟೆ.

"ವಕೀಲ್ ಸಾಬ್, ಉಸಿರು ತಗೊಳ್ರೀ" ಎಂದ ಮುನೀರ್ ಪಾಷಾ. "ಇಲ್ಲೇ ಬಿದ್ರೆ ನಾನು ಏನು ಜವಾಬು ಕೊಡ್ಲಿ?"

ಏನು ಕೊಡಲಿ ಎಂದು ಬೇಗಂ ಅವರನ್ನು ಕೇಳಿದೆ. "ನಿಮ್ಮ ಮನೇವ್ರಿಗೆ ಹುಷಾರಿಲ್ಲ ಅಂತ ಮುನೀರ್ ಹೇಳ್ದ. ಅವ್ರ ಕೈಗೆ ಇದನ್ನ ಕೊಡಿ. ಹೊಲಿಗೆ ಮಾಡೋ ಕೈ ಅಂತಲ್ಲ, ಎದ್ದ ಮೇಲೆ ನನಗೊಂದು ಕುಪ್ಪಸ ಹೊಲಿದು ಕಳಿಸ್ಲಿ. ಅಷ್ಟೇ" ಎಂದರು.

ಚಹಾ ಕುಡಿದವನೇ ಎದ್ದೆ. "ಮೊದ್ಲೆಲ್ಲ ನಿಮ್ಮನ್ನ ಎಬ್ಬಿಸ್ಬೇಕು ಅಂದ್ರೆ ಸಂಜೆ ಗಾಡಿ ಕೂಗ್ಬೇಕಿತ್ತು. ಇವತ್ತೇನು ಇಷ್ಟು ಬೇಗ?" ಎಂದ ಮುನೀರ್. ಬರೆಯುವ ಕೆಲಸವಿದೆ ಎಂದೆ.

ಮನೆಗೆ ಬಂದು ಬೋಗಿಯನ್ನು ದಾಕ್ಷಾಯಣಿಯ ಮಡಿಲಲ್ಲಿಟ್ಟು, ಬೇಗಂ ಅವರ ಮಾತನ್ನು ಹೇಳಿದೆ. ಬೆನ್ನನ್ನು ತಿರುಗಿಸಿ ನೋಡಿದಳು. ಅಲ್ಲಿ ಕೆಂಪು ಇಲ್ಲ. ಅವಳು ತಲೆಯಾಡಿಸಿದಳು, ಏನೋ ಒಂದು ಕೆಲಸ ಬಾಕಿ ಇದೆ ಎನ್ನುವ ಹಾಗೆ. "ಹೌದು, ಇದು ನಂತರದ ತಂಡದ್ದು" ಎಂದು ನಾನು ವಿವರಿಸಿದೆ.

೩ ಸೆಪ್ಟೆಂಬರ್

"ನೀರು" ಎಂದಳು. ಸ್ಪಷ್ಟವಾಗಿ. ಹುಲಿಗೆಮ್ಮ ಬಿಂದಿಗೆಯನ್ನೇ ಎತ್ತಿಕೊಂಡು ಓಡಿಬಂದಳು.

೨೨ ಸೆಪ್ಟೆಂಬರ್

ಮಣೆಯ ಮೇಲೆ ಈಗ ಬೋಗಿ ಎರಡು ಕಡೆಗೂ ಅವಳ ಕೈಯಿಂದಲೇ ಹೋಗುತ್ತದೆ. ಬೆರಳುಗಳಲ್ಲಿ ಮೊದಲು ಹೆಬ್ಬೆರಳು ಎದ್ದಿತು, ನಂತರ ತೋರುಬೆರಳು. ಉಂಗುರದ ಬೆರಳು ಇನ್ನೂ ಮಲಗಿದೆ. ನಿನ್ನೆ ಅದು ಮಳೆಹುಳುವಿನ ಹಾಗೆ ಒಮ್ಮೆ ಮಿಸುಕಿತು. ಒಂದು ಬೆರಳು ಮಡಿಚಿ ಬಿಚ್ಚುವುದರೊಳಗೆ ಎಷ್ಟು ಕೆಲಸವಿದೆಯೆಂದು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಬೆಳಿಗ್ಗೆಯಿಂದ ಅದನ್ನೇ ನೋಡುತ್ತಾ ಕೂತಿದ್ದೆ.

ಪುರಸಭೆಯವರು ನಮ್ಮ ಬೀದಿಯ ದೀಪದ ಕಂಬವನ್ನು ಚರಂಡಿಯ ನಡುವೆ ನೆಟ್ಟಿದ್ದಾರಂತೆ. ನಾನಿನ್ನೂ ಹೋಗಿ ನೋಡಿಲ್ಲ.

೬ ಅಕ್ಟೋಬರ್

ಮುಂಬಯಿಯಿಂದ ಎರಡನೆಯ ಪತ್ರ. ನನ್ನ ನಾಲ್ಕು ಪುಟಕ್ಕೆ ಆತನದು ನಾಲ್ಕು ಸಾಲು. ಅತ್ಯಂತ ಗಾಢವಾದ ಗುರುತಿನ ಮೇಲೆ ಟರ್ಪೆಂಟೈನ್ ಅದ್ದಿದ ಹತ್ತಿಯಿಂದ ಉಜ್ಜಿ ನೋಡಬೇಕಂತೆ. ಕುಲುಮೆಯಲ್ಲಿ ಸುಟ್ಟ ಕಾರ್ಖಾನೆಯ ಬಣ್ಣವಾದರೆ ಅಲುಗುವುದಿಲ್ಲ. ಮೇಲಿನದಾದರೆ ಹತ್ತಿಗೆ ಬರುತ್ತದೆ. ಒಳ್ಳೆಯದು. ಮಾಡಿಯೇ ತೋರಿಸುತ್ತೇನೆ.

ಪ್ರತಿ ವರ್ಷ ದಸರಾ ರಜೆಗೆ ಕೋರ್ಟು ಮುಚ್ಚಿದೊಡನೆ ನಾನು ಮೈಸೂರಿಗೆ ಹೋಗಿಬಿಡುತ್ತೇನೆ. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಬೋಗಿ ಹುಡುಕಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪಿಸಿಲ್ಲ. ಈ ಸಲ ಹೋಗುವುದಿಲ್ಲ. ಮಹಾನವಮಿಯ ದಿನ ಪುರುಸೊತ್ತಾಗಿ ಪರೀಕ್ಷೆ ಮಾಡುತ್ತೇನೆ. ಹೋಗದಿರುವುದಕ್ಕೆ ಅದೇ ಕಾರಣ.

೨೪ ಅಕ್ಟೋಬರ್, ಮಹಾನವಮಿ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಹುಲಿಗೆಮ್ಮ ಆಯುಧಪೂಜೆಗೆ ಎಲ್ಲ ತೊಳೆದು ಜೋಡಿಸಿದಳು. ಈಳಿಗೆಮಣೆ, ಕುಡುಗೋಲು, ನನ್ನ ಸೈಕಲ್ಲು, ಹೊಲಿಗೆ ಮಿಷನ್ನು. ದಾಕ್ಷಾಯಣಿಯನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ, ಕುಂಕುಮದ ಬಟ್ಟಲು ಅವಳ ಮಡಿಲಲ್ಲಿಟ್ಟಳು.

ನಾನು ಪಕ್ಕದ ಮೇಜಿನ ಮೇಲೆ ಅಪ್ಪ ತಂದ ಬೋಗಿಯನ್ನು ಇಟ್ಟುಕೊಂಡು, ಭೂತಗನ್ನಡಿ ನಿಲ್ಲಿಸಿ, ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿದೆ. ಘಾಟು ಕೋಣೆಯೆಲ್ಲ ತುಂಬಿತು. ಹತ್ತಿಯನ್ನು ಆ ಕೆಂಪಿನ ಹತ್ತಿರ ತಂದಿದ್ದೆ.

"ಬ್ಯಾಡ!"

ಯಾರೆಂದು ತಿರುಗಿ ನೋಡಿದೆ. ಹುಲಿಗೆಮ್ಮ ಬಾಯಿ ತೆರೆದು ನಿಂತಿದ್ದಳು, ಅವಳಲ್ಲ. ದಾಕ್ಷಾಯಣಿ ಕುರ್ಚಿಯ ಅಂಚಿಗೆ ಬಂದಿದ್ದಳು. ಕುಂಕುಮದ ಬಟ್ಟಲು ಕೆಳಗೆ ಬಿದ್ದಿತ್ತು.

"ಒರೆಸ್… ಒರೆಸ್ಬೇಡಿ. ಅತ್ತೆ… ಅತ್ತೆ ಇಟ್ಟಿದ್ದು."

ಐದು ತಿಂಗಳ ಮೇಲೆ ಅವಳು ಆಡಿದ ಮೊದಲ ಪೂರ್ತಿ ಮಾತು. ನಾನು ಹತ್ತಿ ಹಿಡಿದ ಕೈಯನ್ನು ಹಾಗೇ ಎತ್ತಿಕೊಂಡು ನಿಂತೆ. ಮಾತು ಬಂತು ಎಂಬುದಷ್ಟೇ ಮೊದಲು ತಿಳಿದದ್ದು. ಮಾತಿನ ಅರ್ಥ ಬಹಳ ಹಿಂದೆ ಉಳಿದಿತ್ತು, ನಿಧಾನವಾಗಿ ಬಂದು ಸೇರಿತು.

ಅಮ್ಮ. ಅಪ್ಪನ ಮಂಡಿ ಅಂಗಡಿಯಲ್ಲಿ ಮಹಾನವಮಿಯ ಪೂಜೆ. ನಾನು ಅಪ್ಪನ ಜೊತೆ ಅಲ್ಲಿ ತಕ್ಕಡಿಯ ಹತ್ತಿರ ಕೂತಿರುತ್ತಿದ್ದೆ. ಮನೆಯ ಪೂಜೆ ಅಮ್ಮನದು. "ಗಾಲಿ ಇರೋದಕ್ಕೆಲ್ಲ ಕುಂಕುಮ ಇಡ್ಬೇಕು ಕಣೇ" ಎಂದು ಆಳಿಗೆ ಹೇಳಿ ಬಂಡಿಯ ಗಾಲಿಗೆ, ಬೀಸುಕಲ್ಲಿಗೆ, ಕೊನೆಗೆ ಬಾವಿಯ ರಾಟೆಗೂ ಇಡುತ್ತಿದ್ದದ್ದು ನೆನಪಾಯಿತು. ನಾನು ಯಾವುದನ್ನೂ ಮರೆಯುವವನಲ್ಲ. ಅದೇ ಮನೆಯಲ್ಲಿ ಗಾಲಿ ಇದ್ದ ಇನ್ನೊಂದು ವಸ್ತುವಿತ್ತು.

"ಆಮೇಲೆ?" ಎಂದು ಕೇಳಿದೆ. "ಅಮ್ಮನ ಆಮೇಲೆ?"

ಅವಳು ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ ತೋರಿಸಿದಳು.

"ಮುಂದ್ಗಡೆ ಇಟ್ರೆ… ನೀವು ನೋಡ್ತೀರಿ" ಎಂದಳು. ಒಂದೊಂದು ಪದಕ್ಕೂ ದಮ್ಮು ಕಟ್ಟಿ, ನಿಲ್ಲಿಸಿ, ಮತ್ತೆ. "ಬೆನ್ನಿಗೆ. ಆರತಿ ಮಾಡಿ… ಒರೆಸಿ ಇಡ್ತಿದ್ದೆ."

ಹುಲಿಗೆಮ್ಮ ನೆಲದ ಕುಂಕುಮ ಬಳಿಯುತ್ತಾ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಅಯ್ಯೋ ಶಿವನೇ! ಅಕ್ಕಾರು ಇಟ್ಟ ಬೊಟ್ಟನ್ನ ಮುಂಬೈಗೆ ಬರ್ದು ಕೇಳಿದ್ರಾ ಲಾಯರಪ್ಪಾರೇ?"

ನನಗೆ ಕೋಪ ಬರಬೇಕಿತ್ತು. ಎದ್ದುಹೋಗಿ ಬೀರುವಿನಿಂದ ಎಲ್ಲ ಬೋಗಿಗಳನ್ನೂ ತಂದು ಅವಳ ಮುಂದೆ ಮಣೆಗಳ ಮೇಲೆ ಸಾಲಾಗಿ ಇಟ್ಟೆ, ಬೆನ್ನು ಅವಳ ಕಡೆಗೆ ಮಾಡಿ. ಭೂತಗನ್ನಡಿ ಹಿಡಿದು ಮತ್ತೆ ನೋಡಿದೆ. ಗಾಢದಿಂದ ತೆಳುವಿನವರೆಗೆ. ನಾನು ಮೈಸೂರಿನ ಅಂಗಡಿಗಳಲ್ಲಿ ತಡಕುತ್ತಿದ್ದ ಪ್ರತಿಯೊಂದು ಮಹಾನವಮಿಯೂ ಅಲ್ಲಿತ್ತು. ಒಂದರ ಮೇಲೊಂದು, ಅದೇ ಜಾಗದಲ್ಲಿ, ಒಂದೇ ಉಂಗುರದ ಬೆರಳಿನ ಅಳತೆಯಲ್ಲಿ. ಪ್ರತಿ ಬೋಗಿಯನ್ನೂ ಎತ್ತಿ, ಬೊಟ್ಟಿಟ್ಟು, ಒರೆಸಿ, ನನಗೆ ಎಂದೂ ಗೊತ್ತಾಗದ ಹಾಗೆ ಇದ್ದಲ್ಲೇ ಇಟ್ಟಿದ್ದಾಳೆ. ಸುಟ್ಟ ಬಣ್ಣದೊಳಕ್ಕೆ ಕೆಂಪು ಇಳಿಯುವವರೆಗೆ! ಜರ್ಮನಿಯ ಆ ಪರದೆ ಎಳೆದವನೂ ಇಷ್ಟು ಮಾಡಿರಲಾರ. ಅವಳ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ.

ಅವಳು ಬೆರಳನ್ನು ಕುಂಕುಮಕ್ಕೆ ಅದ್ದಿದಳು. ಬಲಗೈಯ ಉಂಗುರದ ಬೆರಳೇ ಬೇಕೆಂದು ಹಟ. ಅದು ಅರ್ಧ ಮಾತ್ರ ಬಿಚ್ಚುತ್ತದೆ. ನಾನು ಮೊಣಕೈಯನ್ನು ಹಿಡಿದುಕೊಂಡೆ, ಬೆರಳನ್ನು ಮುಟ್ಟಲಿಲ್ಲ. ಅಪ್ಪ ತಂದ ಬೋಗಿಯ ಮೇಲೆ ನಡುಗುತ್ತಾ ಇಳಿದ ಬೆರಳು ಹಳೆಯ ಕೆಂಪಿನ ಮೇಲೆ ಸರಿಯಾಗಿ ಕೂತಿತು. ಒಂದು ಕೂದಲೆಳೆಯಷ್ಟು ಕೆಂಪೂ ಪಕ್ಕಕ್ಕೆ ಉಳಿಯಲಿಲ್ಲ.

ಅಜ್ಜಂಪುರದ ಬೋಗಿಗೆ ಹಳೆಯ ಗುರುತಿರಲಿಲ್ಲವಲ್ಲ, ಅದರ ಮೇಲೆ ಬೆರಳು ದಾರಿ ತಪ್ಪಿ ಓರೆಯಾಗಿ ಎಳೆಯಿತು. ಅವಳಿಗೆ ಅದು ಸರಿಬರಲಿಲ್ಲ. ಸೆರಗಿನ ತುದಿ ಹಿಡಿದು ಒರೆಸಲು ಹೋದಳು.

"ಇರಲಿ ಬಿಡು" ಎಂದೆ.

೨೭ ಅಕ್ಟೋಬರ್

ಮುಂಬಯಿಗೆ ಉತ್ತರ ಬರೆದೆ. "ಆ ಕೆಂಪು ಕಾರ್ಖಾನೆಯದಲ್ಲ. ತಮ್ಮ ಮಾತೇ ಸರಿ" ಎಂದಷ್ಟೇ. ಮೂರನೇ ದರ್ಜೆಯಲ್ಲಿ ಜನರಿರುವ ಬೋಗಿ ಸಿಕ್ಕ ವಿಷಯ ತಿಳಿಸಲು ಮರೆತೆ ಎಂದು ಅಂಚೆಗೆ ಹಾಕಿದ ಮೇಲೆ ನೆನಪಾಯಿತು. ಇನ್ನೊಮ್ಮೆ ಬರೆದರಾಯಿತು.

ಬೀರುವಿನ ಕೀಲಿಯನ್ನು ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಹಾಕಿದ್ದೇನೆ.

ಸಂಜೆ ಗಾಡಿ ಕೂಗಿದಾಗ ದಾಕ್ಷಾಯಣಿ, "ರೀ, ರೊಟ್ಟಿ ಆರೋಗ್ತೈತೆ" ಎಂದಳು. ತಟ್ಟಿದ್ದು ಹುಲಿಗೆಮ್ಮ, ಹೇಳಿದ್ದು ಅವಳು. ಆ ಧಾಟಿಗೆ ಕೂಡಲೇ ಎದ್ದುಹೋದೆ.